ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕಮ್ಮಿ ಅಂತ ಯಾಕೆ ಹೇಳುತ್ತಾರೆ?

ಪ್ರಶ್ನೆ: ನಾನು ಕುಮಟಾ ಹತ್ತಿರದ ಹಳ್ಳಿಯವಳು, 37 ವರ್ಷ. ಕೆಲವು ತಿಂಗಳಿಂದ ಸುಸ್ತು, ಮಲಬದ್ಧತೆ, ಕೂದಲು ಉದುರುವುದು. ತೂಕವೂ 4 ಕಿಲೋ ಏರಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 14.2, ಫ್ರೀ ಟಿ4 0.6 ಬಂತು. ಲ್ಯಾಬಿನಲ್ಲಿ ‘ಥೈರಾಯ್ಡ್ ಜಾಸ್ತಿ ಇದೆ’ ಅಂದರು. ಡಾಕ್ಟರು ನೋಡಿ ‘ಥೈರಾಯ್ಡ್ ಕಮ್ಮಿ ಆಗಿದೆ’ ಅಂತ 50 ಮೈಕ್ರೋಗ್ರಾಂ ಮಾತ್ರೆ ಬರೆದರು. ಯಾರ ಮಾತು ನಂಬಲಿ? ನಾವು ದಿನಾ ಸಮುದ್ರದ ಮೀನು ತಿನ್ನುವವರು, ಮನೆಯಲ್ಲಿ ಬಳಸುವುದೂ ಸಮುದ್ರದ ಹರಳುಪ್ಪನ್ನೇ. ನಮಗೂ ಥೈರಾಯ್ಡ್ ಬರುತ್ತದಾ? ಅಮ್ಮನಿಗೆ ಶುಗರ್ ಇದೆ. 14 ವರ್ಷದ ಮಗಳಿಗೆ ಮುಟ್ಟು ಸರಿಯಾಗಿ ಬರುವುದಿಲ್ಲ. ಶಿರಸಿಯ ಅತ್ತಿಗೆ ‘ಇದೆಲ್ಲಾ ಹಾರ್ಮೋನು ಏರುಪೇರು, ಒಂದೇ ಪುಡಿಯಲ್ಲಿ ವಾಸಿಯಾಗುತ್ತದೆ’ ಅಂತ ಒಂದು ಪೊಟ್ಟಣ ಕಳಿಸಿದ್ದಾರೆ. ಅದರ ಮೇಲೆ ಹೆಸರು ಬಿಟ್ಟು ಏನೂ ಬರೆದಿಲ್ಲ. ತೆಗೆದುಕೊಳ್ಳಬಹುದಾ?

ಉತ್ತರ: ಪುಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದನ್ನು ತೆಗೆದುಕೊಳ್ಳಬೇಡಿ. ಕಾರಣ ಮುಂದೆ ಬರುತ್ತದೆ. ಡಾಕ್ಟರು ಬರೆದ ಮಾತ್ರೆಯನ್ನು ಮಾತ್ರ ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಿ.

ಈಗ ರಿಪೋರ್ಟಿಗೆ ಬರೋಣ. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಲ್ಯಾಬಿನವರು ಜಾಸ್ತಿ ಅಂದಿದ್ದು ಟಿಎಸ್‌ಎಚ್ ಅಂಕಿಯನ್ನು ನೋಡಿ. ಅದು 0.4ರಿಂದ 4.5ರ ಒಳಗೆ ಇರಬೇಕಿತ್ತು, ನಿಮ್ಮದು 14.2 ಇದೆ. ಆದರೆ ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವ ಹಾರ್ಮೋನು ಅಲ್ಲವೇ ಅಲ್ಲ. ಅದು ಹುಟ್ಟುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಬಟಾಣಿ ಕಾಳಿನಷ್ಟು ದೊಡ್ಡದು, ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡಿಗೆ ‘ಕೆಲಸ ಮಾಡು’ ಅಂತ ಅದು ಕಳಿಸುವ ಆದೇಶವೇ ಟಿಎಸ್‌ಎಚ್. ಆ ಆದೇಶ ಸಿಕ್ಕಿದ ಮೇಲೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ತಯಾರಿಸುವ ಸರಕು ಟಿ4 ಮತ್ತು ಟಿ3. ನಿಮ್ಮ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿ ಇರುವ ಟಿ4) 0.6 ಇದೆ, ಇರಬೇಕಾದದ್ದು ಸುಮಾರು 0.8ರಿಂದ 1.8. ಅಂದರೆ ಆದೇಶ ಜೋರಾಗಿದೆ, ಸರಕು ಬರುತ್ತಿಲ್ಲ. ಸರಕು ಬರುತ್ತಿಲ್ಲ ಅಂತಲೇ ಆದೇಶ ಜೋರಾಗಿದೆ.

ಇದನ್ನು ನಮ್ಮ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗೆ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಗೆ ಹೋಲಿಸಿದರೆ ಬೇಗ ಅರ್ಥವಾಗುತ್ತದೆ. ಗಜನಿಯ ಕಟ್ಟೆಗೆ ಬಾಗಿಲು ಇರುತ್ತದೆ. ಬಾಗಿಲು ನೋಡಿಕೊಳ್ಳುವವನು ಹೊಳೆಯಿಂದ ಎಷ್ಟು ನೀರು ಬಂತು ಅಂತ ಲೆಕ್ಕ ಇಡುವುದಿಲ್ಲ. ಒಳಗೆ ನೀರು ಎಷ್ಟು ನಿಂತಿದೆ ಅಂತ ನೋಡುತ್ತಾನೆ. ಕಮ್ಮಿ ಇದ್ದರೆ ಹಲಗೆ ಎತ್ತುತ್ತಾನೆ, ಜಾಸ್ತಿ ಆದರೆ ಇಳಿಸುತ್ತಾನೆ. ಪಿಟ್ಯುಟರಿ ಮಾಡುವುದೂ ಅಷ್ಟೇ. ತನ್ನ ಮೂಲಕ ಹರಿದುಹೋಗುವ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಎಷ್ಟಿದೆ ಅಂತ ಸದಾ ನೋಡುತ್ತಿರುತ್ತದೆ. ಸ್ವಲ್ಪ ಇಳಿದರೂ ಸಾಕು, ಟಿಎಸ್‌ಎಚ್ ಏರಿಸುತ್ತದೆ. ಪಿಟ್ಯುಟರಿಯ ಮೇಲೆ ಇನ್ನೊಂದು ಕಣ್ಣು ಇದೆ, ಅದು ಮೆದುಳಿನದೇ ಒಂದು ಭಾಗವಾದ ಹೈಪೊಥಲಾಮಸ್. ಅದು ಟಿಆರ್‌ಎಚ್ ಅನ್ನುವ ಹಾರ್ಮೋನು ಕಳಿಸಿ ಪಿಟ್ಯುಟರಿಯನ್ನು ಎಚ್ಚರಿಸುತ್ತದೆ.

ಇಲ್ಲಿ ಒಂದು ವಿಶೇಷ ಇದೆ. ಟಿ4 ಚೂರೇ ಚೂರು ಇಳಿದರೆ ಟಿಎಸ್‌ಎಚ್ ದುಪ್ಪಟ್ಟು, ಮೂರು ಪಟ್ಟು ಏರುತ್ತದೆ. ಅದಕ್ಕೇ ಟಿ4 ಇನ್ನೂ ನಾರ್ಮಲ್ ಒಳಗೆ ಇರುವಾಗಲೇ ಟಿಎಸ್‌ಎಚ್ ಏರಿ ಸುಳಿವು ಕೊಡುತ್ತದೆ. ನಾವು ಡಾಕ್ಟರುಗಳು ಮೊದಲು ಟಿಎಸ್‌ಎಚ್ ಬರೆಯುವುದು ಈ ಕಾರಣಕ್ಕೆ.

ಈ ಅಳತೆ ಎಷ್ಟು ಸೂಕ್ಷ್ಮ ಅಂತ ಒಮ್ಮೆ ಯೋಚಿಸಿ. ನಿಮ್ಮ 0.6 ಅಂದರೆ 100 ಮಿಲಿಲೀಟರ್ ರಕ್ತದ ದ್ರವದಲ್ಲಿ 0.6 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಒಂದು ನ್ಯಾನೋಗ್ರಾಂ. ಇಷ್ಟು ಚಿಕ್ಕ ಪ್ರಮಾಣವನ್ನು ಅಳೆಯುವ ದಾರಿ 1950ರ ದಶಕದ ಕೊನೆಯವರೆಗೂ ಇರಲಿಲ್ಲ. ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಸೇರಿ ಆ ವಿಧಾನ ಕಂಡುಹಿಡಿದರು. ಮೊದಲು ಅಳೆದದ್ದು ಇನ್ಸುಲಿನ್. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅದೇ ವರ್ಷ ಆ ಬಹುಮಾನವನ್ನು ಹಂಚಿಕೊಂಡ ಗಿಲ್ಮಾ ಮತ್ತು ಶ್ಯಾಲಿ, ಹೈಪೊಥಲಾಮಸ್ ಕಳಿಸುವ ಟಿಆರ್‌ಎಚ್ ಏನು ಅಂತ ಬಿಡಿಸಿದವರು. ಇವತ್ತು ಕುಮಟಾದಲ್ಲಿ ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೋ ಮರುದಿನವೋ ರಿಪೋರ್ಟು ಕೈಗೆ ಬರುತ್ತದೆ. ಅದರ ಹಿಂದೆ ಇವರ ಶ್ರಮ ಇದೆ.

ಎರಡು ಅಂಕಿಯನ್ನೂ ಜೊತೆಗೆ ಇಟ್ಟು ಓದಬೇಕು ಅನ್ನುವುದೇ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ಟಿಎಸ್‌ಎಚ್ ಜಾಸ್ತಿ, ಟಿ4 ಕಮ್ಮಿ ಅಂದರೆ ತೊಂದರೆ ಥೈರಾಯ್ಡಿನಲ್ಲೇ ಇದೆ. ಟಿಎಸ್‌ಎಚ್ ತುಂಬ ಕಮ್ಮಿ, ಟಿ4 ಜಾಸ್ತಿ ಅಂದರೆ ಥೈರಾಯ್ಡ್ ಹೇಳಿದ ಮಾತು ಕೇಳದೆ ತಾನಾಗಿ ಸುರಿಸುತ್ತಿದೆ. ಆಗ ಎದೆ ಡವಡವ, ಕೈ ನಡುಕ, ಮೈ ಬೆವರು, ಚೆನ್ನಾಗಿ ಉಂಡರೂ ತೂಕ ಇಳಿಯುವುದು ಕಾಣುತ್ತದೆ. ಇನ್ನೊಂದು ಇದೆ, ಸುಲಭವಾಗಿ ಕಣ್ಣು ತಪ್ಪುತ್ತದೆ. ಟಿ4 ಕಮ್ಮಿ ಇದೆ, ಆದರೂ ಟಿಎಸ್‌ಎಚ್ ಏರಿಲ್ಲ. ನಾರ್ಮಲ್ ಅಂತ ರಿಪೋರ್ಟು ಹೇಳುತ್ತದೆ. ಆದೇಶ ಕೊಡಬೇಕಾದ ಪಿಟ್ಯುಟರಿಯೇ ಕೆಟ್ಟಿದೆ ಅಂತ ಅರ್ಥ.

ನಮ್ಮ ಕಡೆ ಇದರ ಒಂದು ಕಾರಣವನ್ನು ಮರೆಯಬಾರದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಪಿಟ್ಯುಟರಿಗೆ ರಕ್ತ ಸಿಗದೆ ಅದರ ಭಾಗ ಸತ್ತುಹೋಗಬಹುದು. ಗರ್ಭಿಣಿಯಾಗಿದ್ದಾಗ ಆ ಗ್ರಂಥಿ ಉಬ್ಬಿರುತ್ತದೆ, ಹಾಗಾಗಿ ರಕ್ತದ ಕೊರತೆ ಅದಕ್ಕೆ ಬೇಗ ತಟ್ಟುತ್ತದೆ. ಆ ಬಾಣಂತಿಗೆ ಎದೆಹಾಲು ಬರುವುದಿಲ್ಲ. ಮುಟ್ಟು ತಿರುಗಿ ಬರುವುದಿಲ್ಲ. ವರ್ಷಗಟ್ಟಲೆ ಸುಸ್ತು, ಚಳಿ, ಬಿಳುಚಿದ ಮುಖ. ಮನೆಯವರು ‘ಬಾಣಂತನ ಸರಿಯಾಗಲಿಲ್ಲ’ ಅಂದುಕೊಂಡು ಸುಮ್ಮನಿರುತ್ತಾರೆ. ಇಂಥವರಿಗೆ ಬರೀ ಟಿಎಸ್‌ಎಚ್ ಮಾಡಿಸಿ ‘ಎಲ್ಲಾ ಸರಿ ಇದೆ’ ಅಂತ ಕಳಿಸಿದರೆ ಅನ್ಯಾಯವಾಗುತ್ತದೆ. ಚಿಕಿತ್ಸೆಯ ಕ್ರಮವೂ ಬೇರೆ. ಮೊದಲು ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನಿನ ಕೊರತೆ ತುಂಬಿಸಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು. ಹಿಂದುಮುಂದಾದರೆ ಜೀವಕ್ಕೇ ಅಪಾಯ. ನಿಮಗೆ ಈ ಕಾಯಿಲೆ ಇಲ್ಲ, ನಿಮ್ಮ ಟಿಎಸ್‌ಎಚ್ ಚೆನ್ನಾಗಿ ಏರಿದೆ. ಆದರೂ ಬರೆದೆ, ಯಾಕಂದರೆ ಇದನ್ನು ಓದುವ ಯಾರಿಗಾದರೂ ತಮ್ಮ ಮನೆಯ ಹೆಣ್ಣುಮಗಳ ನೆನಪು ಬರಬಹುದು.

ಹಾಗಾದರೆ ನಿಮ್ಮ ಥೈರಾಯ್ಡ್ ಯಾಕೆ ಸೋತಿತು? ಸಮುದ್ರದ ಮೀನು, ಉಪ್ಪು ತಿನ್ನುವ ನಮಗೂ ಬರುತ್ತದಾ ಅಂತ ಕೇಳಿದ್ದೀರಿ. ಥೈರಾಯ್ಡ್ ಹಾರ್ಮೋನು ತಯಾರಾಗಲು ಬೇಕಾದ ಅಯೋಡಿನ್ ಕೊರತೆಯೇ ಕಾರಣವಾ? ಬಹುತೇಕ ಅಲ್ಲ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಕಮ್ಮಿಯಾಗಲು ದೊಡ್ಡ ಕಾರಣ ಬೇರೆಯೇ. ನಮ್ಮ ದೇಹವನ್ನು ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ಶಕ್ತಿ ತಪ್ಪು ತಿಳಿದು ಥೈರಾಯ್ಡ್ ಮೇಲೆಯೇ ದಾಳಿ ಮಾಡುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು, ಅವರ ಹೆಸರೇ ಕಾಯಿಲೆಗೂ ಬಂತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎಷ್ಟೋ ಪಾಲು ಜಾಸ್ತಿ. ಮನೆತನದಲ್ಲೂ ಹರಿದು ಬರುತ್ತದೆ. ಬೇಕಾದರೆ ಈ ದಾಳಿಯ ಸುಳಿವು ಕೊಡುವ ಟಿಪಿಒ ಆ್ಯಂಟಿಬಾಡಿ ಅನ್ನುವ ಪರೀಕ್ಷೆಯನ್ನು ಒಮ್ಮೆ ಮಾಡಿಸಬಹುದು. ಪದೇ ಪದೇ ಮಾಡಿಸುವ ಅಗತ್ಯ ಇಲ್ಲ, ಮಾತ್ರೆಯ ಪ್ರಮಾಣ ಅದನ್ನು ನೋಡಿ ಬದಲಾಗುವುದಿಲ್ಲ.

ಆದರೆ ಉಪ್ಪಿನ ಬಗ್ಗೆ ನಿಮ್ಮ ನಂಬಿಕೆಯನ್ನು ತಿದ್ದಬೇಕು. ಕರಾವಳಿಯಲ್ಲಿ ತುಂಬ ಜನ ಹೀಗೇ ತಿಳಿದಿದ್ದಾರೆ. ಸಮುದ್ರದ ಉಪ್ಪು, ಅಂದಮೇಲೆ ಅಯೋಡಿನ್ ಇದ್ದೇ ಇರುತ್ತದೆ ಅಂತ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಯೋಡಿನ್ ಇರುವುದು 50–60 ಮೈಕ್ರೋಗ್ರಾಂ ಮಾತ್ರ. ಆಗರದಲ್ಲಿ ನೀರು ಆರಿ ಉಪ್ಪು ಹರಳುಗಟ್ಟುವಾಗ ಅದೆಲ್ಲಾ ಉಪ್ಪಿನಲ್ಲೇ ಉಳಿಯಿತು ಅಂತ ಇಟ್ಟುಕೊಂಡರೂ ಒಂದು ಗ್ರಾಂ ಉಪ್ಪಿಗೆ 2 ಮೈಕ್ರೋಗ್ರಾಂ ಕೂಡ ಬರುವುದಿಲ್ಲ. ದಿನಕ್ಕೆ 10 ಗ್ರಾಂ ತಿಂದರೂ 20 ಆಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150, ಗರ್ಭಿಣಿಗೆ 250. ಅಯೋಡಿನ್ ಬೆರೆಸಿದ ಉಪ್ಪು ನಿಮ್ಮ ಕೈಗೆ ಬರುವಾಗ ಒಂದು ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು ಅಂತ ನಿಯಮ ಇದೆ. ಹತ್ತು ಗ್ರಾಮಿಗೆ 150 ಆಯಿತು ನೋಡಿ.

ಸಮುದ್ರದ ಮೀನಿನಲ್ಲಿ ಅಯೋಡಿನ್ ಇದೆ, ಸುಳ್ಳಲ್ಲ. ಬಂಗಡೆ, ತಾರ್ಲೆ, ಸಿಗಡಿ ದಿನಾ ತಿಂದರೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಸೋಮವಾರ, ಶನಿವಾರ, ಶ್ರಾವಣ ಅಂತ ಬಿಡುವವರು ಇದ್ದಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಮೀನನ್ನೇ ಮುಟ್ಟದ ಮನೆಗಳು ಎಷ್ಟೋ ಇವೆ. ಅವರಿಗೆ ಅಯೋಡಿನ್ ಉಪ್ಪೇ ಆಧಾರ. ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ದೇಶಕ್ಕೆ ಗೊತ್ತಾದದ್ದು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಅಲ್ಲಿಯ ಕೆಲವು ಊರುಗಳಿಗೆ ಅಯೋಡಿನ್ ಉಪ್ಪನ್ನೂ ಕೆಲವು ಊರುಗಳಿಗೆ ಸಾದಾ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಮಕ್ಕಳಲ್ಲಿ ಗಳಗಂಡ (ಥೈರಾಯ್ಡ್ ಊದಿ ಕುತ್ತಿಗೆ ದಪ್ಪವಾಗುವುದು) ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು ಅದರ ಬೆನ್ನಿಗೆ. ಹರಳುಪ್ಪನ್ನು ಉಪ್ಪಿನಕಾಯಿಗೆ, ಮೀನು ಒಣಗಿಸಲಿಕ್ಕೆ ಇಟ್ಟುಕೊಳ್ಳಿ. ದಿನದ ಅಡುಗೆಗೆ ಅಯೋಡಿನ್ ಉಪ್ಪು ತನ್ನಿ. ಮುಚ್ಚಳ ಗಟ್ಟಿಯಾಗಿರುವ ಡಬ್ಬದಲ್ಲಿಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ. ಹಾಗಂತ ಸಮುದ್ರದ ಪಾಚಿಯ ಮಾತ್ರೆ, ಅಯೋಡಿನ್ ಹನಿ ಅಂತ ಮಾರುವುದನ್ನು ತಗೊಳ್ಳಬೇಡಿ. ಅಯೋಡಿನ್ ವಿಪರೀತ ಆದರೂ ಥೈರಾಯ್ಡ್ ಕೆಡುತ್ತದೆ, ನಿಮ್ಮಂಥವರಲ್ಲಿ ಇನ್ನೂ ಬೇಗ ಕೆಡುತ್ತದೆ.

ಮಾತ್ರೆಯ ವಿಷಯ. ಲೆವೊಥೈರಾಕ್ಸಿನ್ ಅಂದರೆ ನಿಮ್ಮ ಗ್ರಂಥಿ ಮಾಡಬೇಕಾಗಿದ್ದ ಟಿ4 ಅನ್ನೇ ಹೊರಗೆ ತಯಾರಿಸಿದ್ದು. ದೇಹಕ್ಕೆ ಅದು ಪರಕೀಯ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಅರ್ಧದಿಂದ ಒಂದು ಗಂಟೆ ಏನೂ ಬೇಡ, ಚಾ ಕೂಡ ಬೇಡ. ಶಿರಸಿಯ ನಿಮ್ಮ ಅತ್ತಿಗೆ ಮನೆಗೆ ಹೋದಾಗ ಹಾಲು ಹಾಕಿದ ಕಷಾಯ ಕೈಗೆ ಬರುತ್ತದೆ, ಆಗಲೂ ಅಷ್ಟೇ, ಕಾಯಬೇಕು. ಹಾಲಿನ ಸುಣ್ಣದ ಅಂಶ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಿ. ಇನ್ನೊಂದು ನಮ್ಮ ಕರಾವಳಿಯದೇ ತೊಂದರೆ. ಜೂನ್ ಬಂತೆಂದರೆ ಮನೆಯಲ್ಲೆಲ್ಲಾ ಥಂಡಿ, ಗೋಡೆ ಒದ್ದೆ, ಬಟ್ಟೆಗೆ ಬೂಷ್ಟು. ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗುವುದಿಲ್ಲ. ಬಾಟಲಿಯಿಂದ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಬೇಡಿ, ಒಲೆಯ ಹತ್ತಿರದ ಗೂಡಿನಲ್ಲೂ ಇಡಬೇಡಿ. ಮಳೆಗಾಲ ಕಳೆದ ಮೇಲೆ ‘ಮಾತ್ರೆ ತಪ್ಪಿಸಲಿಲ್ಲ, ಆದರೂ ಟಿಎಸ್‌ಎಚ್ ಏರಿದೆ’ ಅಂತ ಬರುವವರನ್ನು ನಾನು ಮೊದಲು ಕೇಳುವುದು ಬಾಟಲಿ ಎಲ್ಲಿಟ್ಟಿದ್ದಿರಿ ಅಂತ.

ಒಂದು ವಾರಕ್ಕೆ ಏನೂ ಬದಲಾಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ರಕ್ತದಲ್ಲಿರುವ ಟಿ4 ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು, ಹಾಗೆಯೇ ಹೊಸ ಮಟ್ಟಕ್ಕೆ ಏರಿ ನಿಲ್ಲಲೂ ವಾರಗಳು ಬೇಕು. ಅದಕ್ಕೇ ಪುನಃ ಪರೀಕ್ಷೆ ಆರರಿಂದ ಎಂಟು ವಾರದ ನಂತರ. ಅದಕ್ಕೂ ಮೊದಲೇ ಮಾಡಿಸಿದರೆ ದುಡ್ಡು ದಂಡ. ಪರೀಕ್ಷೆಗೆ ಹೋಗುವ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಿ. ಪ್ರತಿ ಸಲ ಒಂದೇ ಲ್ಯಾಬಿಗೆ, ಸುಮಾರು ಒಂದೇ ಹೊತ್ತಿಗೆ ಹೋಗಿ. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಏರಿ ಮಧ್ಯಾಹ್ನ ಇಳಿದಿರುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಪರೀಕ್ಷೆಯ ಅಂಕಿಯನ್ನೇ ತಪ್ಪು ತೋರಿಸುತ್ತದೆ. ಥೈರಾಯ್ಡಿಗೆ ಆಗುವುದಿಲ್ಲ ಅಂತ ಕೋಸು, ಮೂಲಂಗಿ ಬಿಡಬೇಕಿಲ್ಲ, ಬೇಯಿಸಿ ತಿನ್ನಿ. ಇನ್ನು ತೂಕ. ಥೈರಾಯ್ಡ್ ಕಮ್ಮಿ ಆದಾಗ ಏರುವ ತೂಕದಲ್ಲಿ ಮೈಯಲ್ಲಿ ನಿಂತ ನೀರಿನದ್ದೇ ದೊಡ್ಡ ಪಾಲು. ಆ ಒಂದೆರಡು ಕಿಲೋ ಇಳಿಯುತ್ತದೆ. ಉಳಿದದ್ದಕ್ಕೆ ನಡೆಯಬೇಕು, ಊಟ ನೋಡಿಕೊಳ್ಳಬೇಕು.

ಇನ್ನೊಂದು ಮಗು ಬೇಕು ಅಂತ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಗರ್ಭದ ಮೊದಲ ಮೂರು ತಿಂಗಳು ಮಗುವಿನ ಮೆದುಳಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಮುಟ್ಟು ತಪ್ಪಿದ್ದು ಗೊತ್ತಾದ ಕೂಡಲೇ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಕಾಲು ಭಾಗ ಅಥವಾ ಸ್ವಲ್ಪ ಹೆಚ್ಚು ಏರಿಸಬೇಕಾಗುತ್ತದೆ. ‘ಬಸುರಿ ಅಲ್ವಾ, ಮಾತ್ರೆ ಬೇಡ’ ಅಂತ ಹಿರಿಯರು ಹೇಳಿದರೂ ನಿಲ್ಲಿಸಬೇಡಿ.

ಈಗ ‘ಎಲ್ಲಾ ಹಾರ್ಮೋನು ಏರುಪೇರು’ ಅನ್ನುವ ಮಾತಿಗೆ ಬರುತ್ತೇನೆ. ಅತ್ತಿಗೆ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ದೇಹದಲ್ಲಿ ಐವತ್ತಕ್ಕೂ ಹೆಚ್ಚು ಹಾರ್ಮೋನುಗಳಿವೆ. ಪ್ರತಿಯೊಂದಕ್ಕೂ ಅದರದೇ ಕೆಲಸ, ಅದನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಬೇರೆ ಬೇರೆ. ಎಲ್ಲವೂ ಪಿಟ್ಯುಟರಿಯ ಮಾತು ಕೇಳುವುದೂ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಉಪ್ಪು ಎಳೆಯುವವರನ್ನು ನೋಡಿದ್ದೀರಲ್ಲ. ಮೇಲೆ ಬಿಸಿಲು, ಕಾಲಡಿಯ ನೀರಿನಿಂದಲೂ ಬೆಳಕು ಮುಖಕ್ಕೆ ಹೊಡೆಯುತ್ತದೆ. ಅಂಥ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಬೆವರಿನಲ್ಲಿ ಉಪ್ಪಿಗಿಂತ ನೀರು ಜಾಸ್ತಿ ಹೋಗುವುದರಿಂದ ರಕ್ತ ಸ್ವಲ್ಪ ಗಟ್ಟಿಯಾಗುತ್ತದೆ. ಬರೀ ಶೇಕಡಾ 1–2ರಷ್ಟು ವ್ಯತ್ಯಾಸ ಆದರೂ ಹೈಪೊಥಲಾಮಸ್‌ನ ಕೋಶಗಳಿಗೆ ಗೊತ್ತಾಗುತ್ತದೆ. ಕೂಡಲೇ ಬಾಯಾರಿಕೆ ಹುಟ್ಟುತ್ತದೆ. ಜೊತೆಗೇ ಎಡಿಎಚ್ ಅನ್ನುವ ಹಾರ್ಮೋನು ರಕ್ತಕ್ಕೆ ಬಂದು ಮೂತ್ರಪಿಂಡಕ್ಕೆ ‘ನೀರು ಬಿಡಬೇಡ’ ಅನ್ನುತ್ತದೆ. ಮೂತ್ರ ಕಮ್ಮಿಯಾಗುವುದು, ಹಳದಿಯಾಗುವುದು ಇದರಿಂದಲೇ. ಇನ್ನೊಂದು ಕಡೆ ಮೂತ್ರಪಿಂಡವೇ ರೆನಿನ್ ಅನ್ನುವ ವಸ್ತುವನ್ನು ಬಿಡುಗಡೆ ಮಾಡುತ್ತದೆ. ಅದು ಹಲವು ಹೆಜ್ಜೆ ದಾಟಿ ಅಡ್ರಿನಲ್ ಗ್ರಂಥಿಯಿಂದ ಅಲ್ಡೊಸ್ಟಿರೋನ್ ಬರಿಸುತ್ತದೆ. ಅಡ್ರಿನಲ್ ಅಂದರೆ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಸಣ್ಣ ಗ್ರಂಥಿ, ಒಂದೊಂದು ನಾಲ್ಕೈದು ಗ್ರಾಂ. ಅಲ್ಡೊಸ್ಟಿರೋನ್ ಮೂತ್ರದಲ್ಲೂ ಬೆವರಿನಲ್ಲೂ ಉಪ್ಪು ಹೋಗದಂತೆ ತಡೆಯುತ್ತದೆ. ಬಿಸಿಲಿನ ಕೆಲಸ ಶುರುಮಾಡಿ ಒಂದೆರಡು ವಾರ ಕಳೆದರೆ ಬೆವರಿನ ಉಪ್ಪೇ ಕಮ್ಮಿಯಾಗುತ್ತದೆ. ಹೊಸಬರು ಬೇಗ ಸೋಲುವುದು, ಹಳಬರು ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಇಷ್ಟೆಲ್ಲಾ ಆಗಿ ರಕ್ತದ ಸೋಡಿಯಂ (ಉಪ್ಪಿನ ಅಂಶ) ನಾರ್ಮಲ್ ಆದ 135–145ರ ಒಳಗೆ ನಿಲ್ಲುತ್ತದೆ. ಇವರು ಗಂಜಿಗೆ ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿ ನಂಜಿಕೊಂಡು ಉಣ್ಣುತ್ತಾರಲ್ಲ, ಅದು ದೇಹ ಕೇಳಿದ್ದನ್ನೇ ಕೊಡುವ ಊಟ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿಯುವುದಕ್ಕಿಂತ ಎಷ್ಟೋ ಒಳ್ಳೆಯದು.

ಅಮ್ಮನ ಶುಗರ್ ನಡೆಯುವ ದಾರಿ ಇನ್ನೂ ಬೇರೆ. ಮೇದೋಜೀರಕ ಗ್ರಂಥಿಯಲ್ಲಿ ಚದುರಿದ ಸುಮಾರು ಹತ್ತು ಲಕ್ಷ ಪುಟ್ಟ ದ್ವೀಪಗಳಂಥ ಕೋಶಗುಂಪುಗಳು ಇವೆ. ಅವು ಯಾರ ಆದೇಶಕ್ಕೂ ಕಾಯುವುದಿಲ್ಲ. ರಕ್ತದ ಸಕ್ಕರೆಯನ್ನು ತಾವೇ ನೋಡಿ ಇನ್ಸುಲಿನ್ ಬಿಡುತ್ತವೆ, ಸಕ್ಕರೆ ಇಳಿದರೆ ಅದನ್ನು ಏರಿಸುವ ಗ್ಲುಕಗಾನ್ ಬಿಡುತ್ತವೆ. ನಮ್ಮ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು 5 ಗ್ರಾಂ, ಒಂದು ಚಮಚ. ಒಂದು ತಟ್ಟೆ ಕುಚ್ಚಲಕ್ಕಿ ಅನ್ನದಿಂದ ಅದರ ಹತ್ತು ಪಟ್ಟು ಒಳಗೆ ಬರುತ್ತದೆ. ಆದರೂ ಆರೋಗ್ಯವಂತರಲ್ಲಿ ಅಂಕಿ ಸ್ವಲ್ಪವೇ ಏರಿ ಇಳಿಯುತ್ತದೆ. ಅಷ್ಟು ಚುರುಕಾದ ಕೆಲಸ ಅದು. ಟೈಪ್ 2 ಮಧುಮೇಹ ಶುರುವಾಗುವ ಕಾಲದಲ್ಲಿ ತುಂಬ ಜನರ ಇನ್ಸುಲಿನ್ ಕಮ್ಮಿ ಇರುವುದಿಲ್ಲ, ಜಾಸ್ತಿಯೇ ಇರುತ್ತದೆ. ಸ್ನಾಯು, ಪಿತ್ತಕೋಶದ ಪಕ್ಕದ ಯಕೃತ್ತು, ಇವು ಅದರ ಮಾತು ಕೇಳುತ್ತಿಲ್ಲ ಅಂತ ಗ್ರಂಥಿ ಜಾಸ್ತಿ ಸುರಿಸುತ್ತದೆ. ವರ್ಷಗಳು ಕಳೆದಂತೆ ಸೋಲುತ್ತದೆ. ನಿಮ್ಮ ಟಿಎಸ್‌ಎಚ್‌ನಂತೆಯೇ ಇಲ್ಲೂ ಒಂದು ಅಂಕಿಯನ್ನು ಒಂಟಿಯಾಗಿ ಓದಿದರೆ ಅರ್ಥ ತಿರುಗಾಮುರುಗಾ ಆಗುತ್ತದೆ. ಅಮ್ಮನಿಗೆ ಮೂರು ತಿಂಗಳಿಗೊಮ್ಮೆ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ಪ್ರೊಟೀನ್ ಮತ್ತು ಕಾಲಿನ ಪರೀಕ್ಷೆ ಮಾಡಿಸಿ. ಬರಿಗಾಲಲ್ಲಿ ಅಂಗಳ, ತೋಟ ಸುತ್ತುವುದನ್ನು ಬಿಡಿಸಿ.

ಪುಡಿ ಯಾಕೆ ಬೇಡ ಅಂದೆ ಗೊತ್ತಾ? ‘ಎಲ್ಲದಕ್ಕೂ ಆಗುತ್ತದೆ, ಮೂರೇ ದಿನದಲ್ಲಿ ಹುಮ್ಮಸ್ಸು ಬರುತ್ತದೆ’ ಅನ್ನುವ, ಒಳಗೇನಿದೆ ಅಂತ ಬರೆಯದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಸ್ಟೀರಾಯ್ಡ್ ಅಂದರೆ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್‌ನ ಜಾತಿಯದು. ತಿಂದಾಗ ಹಸಿವು ಬರುತ್ತದೆ, ನೋವು ಮಾಯ, ಮೈ ಹಗುರ. ನಂಬಿಕೆ ಹುಟ್ಟುವುದು ಸಹಜ. ಆದರೆ ಪಿಟ್ಯುಟರಿ ‘ಕಾರ್ಟಿಸಾಲ್ ಸಾಕಷ್ಟಿದೆ’ ಅಂದುಕೊಂಡು ಅಡ್ರಿನಲ್‌ಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಆ ಗ್ರಂಥಿ ಕುಗ್ಗುತ್ತದೆ. ಮುಖ ಗುಂಡಾಗುತ್ತದೆ, ಚರ್ಮ ತೆಳುವಾಗಿ ಸುಮ್ನೆ ತಾಗಿದರೂ ಕಪ್ಪಾಗುತ್ತದೆ, ಬಿಪಿ ಏರುತ್ತದೆ. ಅಮ್ಮನಂಥವರಿಗೆ ಶುಗರ್ ಹತೋಟಿ ತಪ್ಪುತ್ತದೆ. ಒಂದು ದಿನ ಪುಡಿ ಮುಗಿಯಿತು ಅಂತ ಬಿಟ್ಟರೆ ಒಳಗಿನ ಗ್ರಂಥಿ ಎದ್ದೇಳುವುದಿಲ್ಲ. ವಾಂತಿ, ಹೊಟ್ಟೆನೋವು, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು. ಜ್ವರ ಅಥವಾ ಆಪರೇಷನ್ ಜೊತೆಗೆ ಬಂದರೆ ಪ್ರಾಣವೂ ಹೋಗಬಹುದು. ಹಾಗಾಗಿ ಅತ್ತಿಗೆಯವರು ಇದನ್ನು ತುಂಬ ದಿನದಿಂದ ತಿನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ ಅಂತ ಹೇಳಬೇಡಿ. ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲಿ. ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಕಾರ್ಟಿಸಾಲ್ ನೋಡುತ್ತಾರೆ, ಬೇಕಾದರೆ ನಿಧಾನಕ್ಕೆ ಇಳಿಸುತ್ತಾರೆ. ಆಸ್ತಮಾಕ್ಕೋ ಸಂಧಿವಾತಕ್ಕೋ ಡಾಕ್ಟರೇ ಬರೆದ ಸ್ಟೀರಾಯ್ಡ್ ಬೇರೆ ಮಾತು. ಅಲ್ಲಿ ಪ್ರಮಾಣ ಗೊತ್ತಿದೆ, ಇಳಿಸುವ ಲೆಕ್ಕವೂ ಇದೆ.

ನಿಮ್ಮ ಥೈರಾಯ್ಡ್ ಚಿಕಿತ್ಸೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಅಗತ್ಯ ಇಲ್ಲ. ಊರಿನ ಡಾಕ್ಟರೇ ಚೆನ್ನಾಗಿ ನೋಡಿಕೊಳ್ಳಬಲ್ಲರು. ಕುತ್ತಿಗೆಯಲ್ಲಿ ಗಂಟು ಕಂಡರೆ, ನುಂಗಲು ಕಷ್ಟವಾದರೆ, ಧ್ವನಿ ಬದಲಾದರೆ ಮಾತ್ರ ದೊಡ್ಡ ಆಸ್ಪತ್ರೆಯ ಮಾತು.

ಕೊನೆಗೆ ಮಗಳು. ಮೈನೆರೆದು ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯ. ಹೈಪೊಥಲಾಮಸ್, ಪಿಟ್ಯುಟರಿ, ಅಂಡಾಶಯ ಈ ಮೂರರ ತಾಳ ಕೂಡಲು ಅಷ್ಟು ಹೊತ್ತು ಬೇಕು. ತಿಂಗಳ ಮಧ್ಯೆ ಅಂಡಾಶಯದ ಈಸ್ಟ್ರೊಜನ್ ಏರಿದಾಗ ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಅನ್ನುವ ಹಾರ್ಮೋನು ಸುರಿಸಬೇಕು, ಆಗ ಅಂಡ ಹೊರಬರುತ್ತದೆ. ಈ ಹಂತವೇ ತಡವಾಗಿ ಪಳಗುವುದು. 21ರಿಂದ 45 ದಿನದ ಒಳಗೆ ಬರುತ್ತಿದ್ದರೆ ಈ ವಯಸ್ಸಿಗೆ ಹೆದರಬೇಡಿ. ಬರೀ ಸ್ಕ್ಯಾನಿಂಗ್‌ನಲ್ಲಿ ಸಣ್ಣ ಗುಳ್ಳೆ ಕಂಡವು ಅಂತ ಪಿಸಿಒಎಸ್ (ಅಂಡಾಶಯದ ಹಾರ್ಮೋನು ತೊಂದರೆ) ಪಟ್ಟ ಕಟ್ಟಿಸಿಕೊಂಡು ಬರಬೇಡಿ, ಈ ವಯಸ್ಸಿನಲ್ಲಿ ಅವು ಎಷ್ಟೋ ಆರೋಗ್ಯವಂತ ಹುಡುಗಿಯರಲ್ಲೂ ಇರುತ್ತವೆ. ಆದರೆ ಮೂರು ತಿಂಗಳು ಮುಟ್ಟೇ ಬರದಿದ್ದರೆ, ಏಳು ದಿನ ಮೀರಿ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ತುಂಬುತ್ತಿದ್ದರೆ, ಗಲ್ಲ ಮೀಸೆಯ ಜಾಗದಲ್ಲಿ ದಪ್ಪ ಕೂದಲು ಬರುತ್ತಿದ್ದರೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗಿದ್ದರೆ ತೋರಿಸಲೇಬೇಕು. ಥೈರಾಯ್ಡ್ ಮಾತ್ರ ಒಮ್ಮೆ ನೋಡಿಸಿಬಿಡಿ, ತಾಯಿಗೆ ಇರುವುದರಿಂದ ಅವಳಿಗೂ ಸಾಧ್ಯತೆ ಇದೆ. ಥೈರಾಯ್ಡ್ ಕಮ್ಮಿಯಾದರೆ ಟಿಆರ್‌ಎಚ್ ಏರುತ್ತದೆ. ಅದು ಟಿಎಸ್‌ಎಚ್ ಜೊತೆಗೆ ಪ್ರೊಲ್ಯಾಕ್ಟಿನ್ ಅನ್ನುವ ಹಾಲಿನ ಹಾರ್ಮೋನನ್ನೂ ಏರಿಸಿ ಮುಟ್ಟನ್ನು ತಪ್ಪಿಸಬಲ್ಲದು. ಹಾಗಿದ್ದರೆ ಥೈರಾಯ್ಡ್ ಮಾತ್ರೆಯಿಂದಲೇ ಮುಟ್ಟೂ ಸರಿಯಾಗುತ್ತದೆ, ಬೇರೆ ಹಾರ್ಮೋನು ಗುಳಿಗೆ ಬೇಕಾಗುವುದಿಲ್ಲ.

ಆರು ವಾರದ ನಂತರ ನಿಮ್ಮ ಪರೀಕ್ಷೆಗೆ ಹೋಗುತ್ತೀರಲ್ಲ, ಅವತ್ತೇ ಅವಳನ್ನೂ ಕರೆದುಕೊಂಡು ಹೋಗಿ ಟಿಎಸ್‌ಎಚ್, ಫ್ರೀ ಟಿ4, ಹಿಮೋಗ್ಲೋಬಿನ್ ಮೂರನ್ನೂ ಮಾಡಿಸಿ. ಮೂರು ತಿಂಗಳಾದರೂ ಮುಟ್ಟು ಬಂದಿಲ್ಲ ಅಂತಾದರೆ ಅಷ್ಟು ದಿನ ಕಾಯಬೇಡಿ, ಈ ವಾರವೇ ಹೋಗಿ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟು ಶುರುವಾದ ದಿನ, ನಿಂತ ದಿನ ಗುರುತು ಹಾಕಲು ಅವಳಿಗೇ ಹೇಳಿ. ಡಾಕ್ಟರು ಮೊದಲು ಕೇಳುವುದು ಆ ತಾರೀಕುಗಳನ್ನೇ.